ಹದಿನಾಲ್ಕು ಬಾಟಲಿ, ಇಪ್ಪತ್ತು ನಿಮಿಷ

ನನ್ನ ಸೌಂದರ್ಯ ಸಿದ್ಧಾಂತ ಬಹಳ ಸರಳ. ಮನುಷ್ಯನಿಗೆ ಒಂದು ಮುಖ ಇರಬೇಕು, ಅದು ತೊಳೆದಿರಬೇಕು. ಈ ಸಿದ್ಧಾಂತದ ಆಚರಣೆಗೆ ಬೇಕಾದ ಸಲಕರಣೆ ಒಂದು ಸೋಪು, ಒಂದು ನಲ್ಲಿ. ನಲ್ಲಿಯಲ್ಲಿ ನೀರು ಬಾರದ ದಿನ ಸಿದ್ಧಾಂತಕ್ಕೂ ರಜೆ. ಐವತ್ತೊಂದು ವರ್ಷ ನಾನು ಇದರ ಮೇಲೆಯೇ ಬದುಕಿದ್ದೇನೆ, ಇದರ ಮೇಲೆಯೇ ಮದುವೆಯೂ ಆಗಿದೆ. (ಮದುವೆಗೆ ಕಾರಣ ಸಿದ್ಧಾಂತವಲ್ಲ, ತೋರಿಸಿದ ನನ್ನ ಫೋಟೋದಲ್ಲಿ ಬೆಳಕು ಸರಿಯಾಗಿ ಬಿದ್ದಿರಲಿಲ್ಲ ಎಂಬುದು ನನ್ನ ಹೆಂಡತಿಯ ವಾದ.)

ಅವಳ ಸಿದ್ಧಾಂತ ಬೇರೆ. ಅದು ಹದಿನಾಲ್ಕು ಬಾಟಲಿಗಳಲ್ಲಿ ತುಂಬಿಕೊಂಡು ನಮ್ಮ ಬಚ್ಚಲುಮನೆಯ ಒಂದೇ ಒಂದು ಶೆಲ್ಫಿನ ಮೇಲೆ ಸಾಲಾಗಿ ನಿಂತಿತ್ತು. ಮುಖದ ಕೊಳೆ ತೆಗೆಯುವುದಕ್ಕೆ ಒಂದು ಬಾಟಲಿ. ತೆಗೆದ ಮೇಲೂ ಉಳಿದಿರಬಹುದಾದ ಕೊಳೆಯನ್ನು ಬರೀ ಅನುಮಾನದ ಮೇಲೆ ತೆಗೆಯುವುದಕ್ಕೆ ಇನ್ನೊಂದು. ಅದರ ಮೇಲೆ ಟೋನರ್, ಅದರ ಮೇಲೆ ಸೀರಮ್, ಕಣ್ಣಿನ ಕೆಳಗೆ ಒಂದು ಕ್ರೀಮು, ಕೆನ್ನೆಗೆ ಬೇರೊಂದು. (ಕಣ್ಣಿನ ಕೆಳಗಿನ ಚರ್ಮಕ್ಕೂ ಕೆನ್ನೆಯ ಚರ್ಮಕ್ಕೂ ಏನೋ ದಾಯಾದಿ ಜಗಳ, ಒಂದೇ ಡಬ್ಬಿಯಲ್ಲಿ ಉಣ್ಣುವುದಿಲ್ಲ.) ಬಿಸಿಲಿಗೆ ಹೋಗುವ ಮೊದಲು ಒಂದು, ಬಿಸಿಲಿನಿಂದ ಬಂದ ಮೇಲೆ ಒಂದು, ಬಿಸಿಲೇ ಇಲ್ಲದ ರಾತ್ರಿಗೆ ಮತ್ತೊಂದು. ನನ್ನ ರೇಜರು, ಬ್ರಷ್ಷು ನಿರಾಶ್ರಿತರಾಗಿ ಕಿಟಕಿಯ ಅಂಚಿಗೆ ಬಂದು ಏಳು ವರ್ಷವಾಯಿತು.

ಪ್ರತಿದಿನ ಬೆಳಿಗ್ಗೆ ಆರೂವರೆಗೆ ಸರಿಯಾಗಿ ಬಚ್ಚಲುಮನೆಯ ಬಾಗಿಲು ಮುಚ್ಚಿದರೆ ತೆರೆಯುವುದು ಆರು ಐವತ್ತಕ್ಕೆ. ಇಷ್ಟೆಲ್ಲ ಮುಖಕ್ಕೆ ಬೇಕೇ ಎಂದು ನಾನು ಒಮ್ಮೆ ಕೇಳಿದ್ದೆ. ಅವಳು ಶಾಲೆಯೊಂದರಲ್ಲಿ ಲೈಬ್ರೇರಿಯನ್. ಇಡೀ ದಿನ ಆ ಪುಸ್ತಕ ಎಲ್ಲಿ, ಈ ಪುಸ್ತಕ ಎಲ್ಲಿ ಎಂಬ ಪ್ರಶ್ನೆ. ಮನೆಗೆ ಬಂದರೆ ನನ್ನದೂ ಮಗಳದೂ ಅದೇ ರಾಗ, ಪುಸ್ತಕದ ಬದಲು ಕನ್ನಡಕ, ಕಾಲುಚೀಲ.

"ಇದು ಮುಖಕ್ಕಲ್ಲ ರೀ," ಅಂದಳು ಅವಳು. "ದಿನಕ್ಕೆ ಇಪ್ಪತ್ತು ನಿಮಿಷ ನನ್ನನ್ನ ಯಾರೂ ಏನೂ ಕೇಳಬಾರದು. ಅದಕ್ಕೆ."

ಆಗ ನನ್ನ ಮುಖದ ಮುಂದೆ ಪೇಪರು ಇದ್ದದ್ದರಿಂದ ಈ ಮಾತು ನನಗೆ ಅರ್ಧ ಮಾತ್ರ ಕೇಳಿಸಿತು. ಆ ಅರ್ಧವನ್ನೂ ನಾನು ತಲೆಗೆ ಹಾಕಿಕೊಳ್ಳಲಿಲ್ಲ.

ಈಗ ನನ್ನ ವೃತ್ತಿಯ ಬಗ್ಗೆ ಎರಡು ಮಾತು. ನಾನು ನೀರಿನ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ನಟ್ಟು, ಬೋಲ್ಟು, ಬೇರಿಂಗು, ಗ್ರೀಸು, ಬಣ್ಣ, ಎಲ್ಲವೂ ನನ್ನ ಕೈಕೆಳಗೆ. ಸ್ಟೋರ್ ಕೀಪರನ ಪರಮ ಶತ್ರು ಯಾರು ಗೊತ್ತೇ? ಅರ್ಧ ಖಾಲಿಯಾದ ಡಬ್ಬ. ಅದು ತುಂಬಿದ ಡಬ್ಬದಷ್ಟೇ ಜಾಗ ತಿನ್ನುತ್ತದೆ, ಕೆಲಸ ಮಾತ್ರ ಅರ್ಧ. ಆದ್ದರಿಂದ ನಮ್ಮ ಸ್ಟೋರಿನಲ್ಲಿ ಒಂದೇ ಜಾತಿಯ ಎರಡು ಅರ್ಧ ಡಬ್ಬ ಕಂಡರೆ ತಕ್ಷಣ ಸೇರಿಸಿ ಒಂದು ಮಾಡಿ, ಚೀಟಿ ಅಂಟಿಸಿ, ಪಕ್ಕದಲ್ಲಿ ಬಿನ್ ಕಾರ್ಡು ನೇತುಹಾಕುತ್ತೇವೆ. ಯಾವ ಸಾಮಾನು ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ಬರೆಯುವ ಕಾರ್ಡು ಅದು. ನನ್ನ ಸ್ಟೋರು ನೋಡಿ ಹೊರಗಿನಿಂದ ಬಂದ ತಪಾಸಣಾಧಿಕಾರಿಗಳು ಎರಡು ಸಲ ತಲೆದೂಗಿದ್ದಾರೆ. ಮನೆಯಲ್ಲಿ ಯಾರೂ ತಲೆದೂಗಿದ್ದಿಲ್ಲ, ಅದು ಬೇರೆ ಮಾತು.

ಒಂದು ಭಾನುವಾರ ಹೆಂಡತಿಯೂ ಮಗಳೂ ಭಾವನ ಮನೆಗೆ ಹೋಗಿದ್ದರು. ಶೇವಿಂಗಿಗೆಂದು ಬಚ್ಚಲುಮನೆಗೆ ಹೋದವನು ಮೊದಲ ಬಾರಿಗೆ ಆ ಶೆಲ್ಫನ್ನು ಗಂಡನ ಕಣ್ಣಿನಿಂದಲ್ಲ, ಸ್ಟೋರ್ ಕೀಪರನ ಕಣ್ಣಿನಿಂದ ನೋಡಿದೆ. ಒಂದೊಂದೇ ಬಾಟಲಿಯನ್ನು ಬೆಳಕಿಗೆ ಹಿಡಿದೆ. ಹದಿನಾಲ್ಕರಲ್ಲಿ ಹನ್ನೊಂದು ಅರ್ಧಕ್ಕಿಂತ ಕೆಳಗಿದ್ದವು. ನನ್ನ ಮನೆಯಲ್ಲೇ ಇಂಥ ಅನಾಚಾರ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎನ್ನುತ್ತಾರಲ್ಲ, ನಾನು ಆ ಕ್ಷಣದಲ್ಲಿ ಇರುವೆಯ ಗೂಡನ್ನೇ ಎತ್ತಿಕೊಂಡೆ.

ಅರ್ಧಕ್ಕಿಂತ ಮೇಲಿದ್ದ ಮೂರನ್ನೂ ಬಿಡಲಿಲ್ಲ, ಎರಡು ಗಂಟೆ ಹಿಡಿಯಿತು. ಹೆಸರು ಓದುವ ಗೋಜಿಗೆ ಹೋಗಲಿಲ್ಲ, ಅವೆಲ್ಲ ಇರುವೆ ಸಾಲಿನಂಥ ಸಣ್ಣ ಅಕ್ಷರ. ಕಾರ್ಖಾನೆಯಲ್ಲಿ ಎಣ್ಣೆ ಮತ್ತು ಗ್ರೀಸನ್ನು ವಿಂಗಡಿಸುವ ಕ್ರಮದಲ್ಲೇ ವಿಂಗಡಿಸಿದೆ. ಹರಿಯುವುದೆಲ್ಲ ಒಂದು ಕಡೆ, ಹರಿಯದ್ದೆಲ್ಲ ಇನ್ನೊಂದು ಕಡೆ. ಹರಿಯಲೋ ಬೇಡವೋ ಎಂದು ಅನುಮಾನಿಸುತ್ತಿದ್ದ ಒಂದನ್ನು ಎರಡಕ್ಕೂ ಸಮನಾಗಿ ಹಂಚಿದೆ. ಹಿಮ್ಮಡಿಗೆ ಹಚ್ಚುವ ಟ್ಯೂಬೂ ಒಂದು ಸಿಕ್ಕಿತು, ಹಿಮ್ಮಡಿಯೂ ಚರ್ಮವೇ ತಾನೇ ಎಂದು ಸೇರಿಸಿದೆ. ಕೊನೆಗೆ ಶೆಲ್ಫಿನ ಮೇಲೆ ಎರಡೇ ಎರಡು ದೊಡ್ಡ ಡಬ್ಬ ಕುಳಿತವು. ಒಂದರ ಚೀಟಿ "ಮುಖ–೧ (ತೆಳು)", ಇನ್ನೊಂದರದು "ಮುಖ–೨ (ಗಟ್ಟಿ)". ಪಕ್ಕದಲ್ಲಿ ದಾರ ಕಟ್ಟಿ ಬಿನ್ ಕಾರ್ಡು. ನನ್ನ ರೇಜರು ಏಳು ವರ್ಷದ ವನವಾಸ ಮುಗಿಸಿ ಶೆಲ್ಫನ್ನು ಏರಿತು. ಖಾಲಿ ಬಾಟಲಿಗಳನ್ನು ತೊಳೆದು ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟೆ, ಸ್ಟೋರಿನವನು ಖಾಲಿ ಬಾಟಲಿ ಎಸೆಯುವುದಿಲ್ಲ.

ಸಂಜೆ ಬಂದವರಲ್ಲಿ ಮೊದಲು ನೋಡಿದ್ದು ಕಾಲೇಜು ಓದುವ ಮಗಳು. ಡಬ್ಬದ ಮುಚ್ಚಳ ತೆಗೆದು ಮೂಸಿದಳು.

"ಅಪ್ಪ, ಬಿಸಿಲಿಂದೂ ರಾತ್ರೀದೂ ಸೇರಿಸಿಬಿಟ್ಟಿದ್ದೀಯ."

"ಹಗಲಿಗೂ ಆಯ್ತು, ರಾತ್ರಿಗೂ ಆಯ್ತು," ಅಂದೆ ನಾನು.

ಮಗಳು ಅಮ್ಮನ ಮುಖ ನೋಡಿದಳು. ನಾನೂ ನೋಡಿದೆ. ಗುಡುಗು ಬರುತ್ತದೆ, ಸಿಡಿಲು ಬರುತ್ತದೆ ಎಂದು ಕಾದೆ. ನನ್ನ ಹೆಂಡತಿ ಚೀಟಿಗಳನ್ನು ಓದಿದಳು, ಬಿನ್ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ಬಹಳ ಶಾಂತವಾಗಿ, ಅಕ್ಷರಗಳು ದುಂಡಗಿವೆ ಎಂದು ಹೇಳಿ ಅಡಿಗೆಮನೆಗೆ ಹೋದಳು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಗಂಡಸಿಗೆ ಇಂಥ ಶಾಂತಿಯ ಅರ್ಥ ತಿಳಿದಿರಬೇಕಿತ್ತು. ನಾನು ಅದನ್ನು ಮೆಚ್ಚುಗೆ ಅಂದುಕೊಂಡೆ.

ಸೋಮವಾರ ಬೆಳಿಗ್ಗೆ ಆರೂವರೆಗೆ ಬಾಗಿಲು ಮುಚ್ಚಿತು. ಆರು ಮೂವತ್ತೆರಡಕ್ಕೆ ತೆರೆಯಿತು. ನಾನು ಕಾಫಿ ಲೋಟ ಹಿಡಿದು, ಪೇಪರಿನ ಮೊದಲ ಪುಟದ ಮಡಿಕೆಯನ್ನು ಇನ್ನೂ ಬಿಡಿಸುತ್ತಿದ್ದೆ.

"ಹದಿನೆಂಟು ನಿಮಿಷ ಉಳೀತು," ಅಂದಳು ಹೆಂಡತಿ. ಎದುರಿನ ಕುರ್ಚಿ ಎಳೆದುಕೊಂಡು ಕುಳಿತಳು.

ಆ ಹದಿನೆಂಟು ನಿಮಿಷ ಎಲ್ಲಿಗೆ ಹೋಗುತ್ತದೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಅದು ನೆಟ್ಟಗೆ ನನ್ನ ತಲೆಯ ಮೇಲೆಯೇ ಬಂತು. ಸೋಮವಾರ ನನ್ನ ಅಂಗಿಗಳ ಕಾಲರುಗಳ ತಪಾಸಣೆ. ಮಂಗಳವಾರ ಬೀರು. ಮುಂದೊಂದು ದಿನ ಸೊಂಟ ಇಳಿದಾಗ ಬೇಕಾಗುತ್ತದೆ ಎಂದು ನಾನು ಜೋಪಾನ ಮಾಡಿದ್ದ ಆರು ಪ್ಯಾಂಟುಗಳನ್ನು ಅವಳು "ಚಲಾವಣೆ ಇಲ್ಲದ ಮಾಲು" ಎಂದು ಘೋಷಿಸಿ ಕಟ್ಟಿಟ್ಟಳು. (ಈ ಮಾತು ನನ್ನ ಬಾಯಿಂದಲೇ ಕಲಿತದ್ದು.) ಬುಧವಾರ ನಾನು ರಕ್ತ ಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತು ಎಂಬ ವಿಚಾರಣೆ, ಕಾಫಿಯಿಂದ ಒಂದು ಚಮಚ ಸಕ್ಕರೆಗೆ ಗಡೀಪಾರು. ಗುರುವಾರ ಕಿಟಕಿಯ ಬೆಳಕಿಗೆ ನನ್ನ ಗದ್ದ ಹಿಡಿದೆತ್ತಿ, ಮೂಗಿನ ಕೂದಲನ್ನು ಚಿಮಟದಿಂದ ಒಂದೊಂದಾಗಿ ಕಿತ್ತಳು. ಪ್ರತಿ ಕೂದಲಿಗೂ ಕಣ್ಣಲ್ಲಿ ನೀರು ಬರುತ್ತಿತ್ತು.

ಶುಕ್ರವಾರದ್ದು ಎಲ್ಲಕ್ಕಿಂತ ಭಯಂಕರ. ಅವತ್ತು ಅವಳು ಏನೂ ಮಾಡಲಿಲ್ಲ. ಎದುರು ಕುಳಿತು ಗಲ್ಲಕ್ಕೆ ಕೈಕೊಟ್ಟು, "ಏನು ಯೋಚನೆ ಮಾಡ್ತಿದ್ದೀರಿ?" ಅಂತ ಕೇಳಿದಳು.

ಏನೂ ಇಲ್ಲ ಅಂದೆ. ಏನೂ ಇಲ್ಲದೆ ಹೇಗಿರುತ್ತೆ, ಹೇಳಿ ಪರವಾಗಿಲ್ಲ ಅಂದಳು. ನಾನು ನಿಜವಾಗಿಯೂ ಏನೂ ಯೋಚಿಸುತ್ತಿರಲಿಲ್ಲ. ಏನೂ ಇಲ್ಲದ್ದನ್ನು ಸಾಬೀತು ಮಾಡುವುದರಲ್ಲಿ ಹದಿನೆಂಟು ನಿಮಿಷವೂ ಮುಗಿದು, ಕಾರ್ಖಾನೆಯ ಬಸ್ಸೂ ತಪ್ಪಿತು.

ಇಡೀ ವಾರ ನಾನು ಪೇಪರಿನ ತಲೆಬರಹ ಬಿಟ್ಟು ಮುಂದೆ ಹೋಗಲಿಲ್ಲ. ಊಟದ ಬಿಡುವಿನಲ್ಲಿ ಎಲ್ಲರೂ ಯಾವುದೋ ಸುದ್ದಿ ಚರ್ಚಿಸುತ್ತಿದ್ದರೆ ನಾನು ಸುಮ್ಮನೆ ತಲೆಯಾಡಿಸಿದೆ. ಆಗ ಹೊಳೆಯಿತು. ಇಷ್ಟು ವರ್ಷ ನಾನು ನೆಮ್ಮದಿಯಾಗಿ ಪೇಪರು ಓದುತ್ತಿದ್ದದ್ದು ನನ್ನ ಸ್ವಭಾವದ ಗಾಂಭೀರ್ಯದಿಂದಲ್ಲ, ಆ ಮುಚ್ಚಿದ ಬಾಗಿಲಿನಿಂದ. ಒಳಗೆ ಅವಳಿಗೆ ಸಿಕ್ಕಷ್ಟೇ ಏಕಾಂತ ಹೊರಗೆ ನನಗೂ ಸಿಗುತ್ತಿತ್ತು. ಎರಡನ್ನೂ ನಾನೇ ಕೈಯಾರೆ ಕಲಸಿ ಡಬ್ಬಕ್ಕೆ ತುಂಬಿದ್ದೆ. ನನಗೆ ನಾಚಿಕೆಯಾಯಿತು. ಅವಳ ಇಪ್ಪತ್ತು ನಿಮಿಷ ಹೋಯಿತಲ್ಲ ಎಂದು ಸ್ವಲ್ಪ, ನನ್ನದು ಹೋಯಿತಲ್ಲ ಎಂದು ಉಳಿದದ್ದು.

ಶನಿವಾರ ಖಾಲಿ ಬಾಟಲಿಗಳ ಪೆಟ್ಟಿಗೆ ಹೊತ್ತು ಅಂಗಡಿಗೆ ಹೋದೆ. ಗಾಜಿನ ಮೇಜಿನ ಹಿಂದಿದ್ದ ಹುಡುಗಿ ಬಾಟಲಿಗಳನ್ನು ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಬಾಟಲಿಗಳನ್ನು ನೋಡಿದಳು.

"ನಿಮಗಾ ಸಾರ್?"

ಹೆಂಡತಿಗೆ ಅಂದೆ. ಎಲ್ಲ ಗಂಡಸರೂ ಹಾಗೇ ಹೇಳೋದು ಸಾರ್, ಸಂಕೋಚ ಬೇಡ ಅಂತ ಸಮಾಧಾನ ಹೇಳಿ, ಕೇಳದೆಯೇ ಹದಿನಾಲ್ಕನ್ನೂ ಹಚ್ಚುವ ಕ್ರಮ ಬರೆದುಕೊಟ್ಟಳು.

ಮನೆಗೆ ಬಂದು ಹದಿನಾಲ್ಕು ಹೊಸ ಬಾಟಲಿಗಳನ್ನು ಶೆಲ್ಫಿನ ಮೇಲೆ ಜೋಡಿಸಿದೆ. ರೇಜರನ್ನು ಸ್ವಇಚ್ಛೆಯಿಂದ ಕಿಟಕಿಗೆ ಕಳಿಸಿದೆ. ಹೆಂಡತಿಯನ್ನು ಕರೆದು ತೋರಿಸಿ ತಪ್ಪಾಯಿತು ಎಂದು ಒಪ್ಪಿಕೊಂಡೆ. ನಾಳೆಯಿಂದ ಮೊದಲಿನ ಹಾಗೆ ಇಪ್ಪತ್ತು ನಿಮಿಷ ಒಳಗಿರು, ಬೇಕಾದರೆ ಅರ್ಧ ಗಂಟೆ ಇರು, ಬಾಗಿಲ ಹತ್ತಿರ ನಾನು ಸುಳಿಯುವುದಿಲ್ಲ ಎಂದೆ, ಕೈಮುಗಿಯುವುದೊಂದು ಬಾಕಿ.

ಅವಳು ಬಾಟಲಿಗಳನ್ನು ನೋಡಿದಳು. ಕಣ್ಣು ಒಂದು ಗಳಿಗೆ ಮೃದುವಾಯಿತು.

"ಪಾಪ, ಎಷ್ಟು ಹೊತ್ತು ಅಲೆದಿರೋ. ಆದ್ರೆ ನನಗೆ ಇನ್ನು ಇವೆಲ್ಲ ಬೇಡ ರೀ. ಈ ವಾರ ಪೂರ್ತಿ ಬರೀ ಸೋಪಲ್ಲೇ ತೊಳೆದೆ. ನಿಮ್ಮ ಸಿದ್ಧಾಂತವೇ ಸರಿ."

"ಮತ್ತೆ ಮುಖ–೧, ಮುಖ–೨?"

"ನಿಮ್ಮ ಶೂಗೆ ಹಾಕಿದೆ. ನೋಡಿಲ್ವಾ, ಹೇಗೆ ಹೊಳೀತಿದೆ."

ಹೊಳೆಯುತ್ತಿತ್ತು ನಿಜ. ಕಾರ್ಖಾನೆಯ ಮ್ಯಾನೇಜರು ಯಾವ ಪಾಲಿಶ್ ಎಂದು ಕೇಳಿಯೂ ಇದ್ದರು.

"ಹಾಗಾದರೆ ಈ ಹದಿನಾಲ್ಕು ಏನು ಮಾಡೋದು?" ಅಂದೆ.

"ಮಾಲು ದಂಡ ಆಗಬಾರದು ಅಂತ ನೀವೇ ಹೇಳೋದಲ್ವಾ? ನೀವು ಹಚ್ಕೊಳ್ಳಿ. ಆರೂವರೆಯಿಂದ ಆರು ಐವತ್ತು. ಒಳಗಿದ್ದಾಗ ನಿಮ್ಮನ್ನ ಯಾರೂ ಏನೂ ಕೇಳಲ್ಲ, ಆ ಜವಾಬ್ದಾರಿ ನಂದು."

ಯೋಚಿಸಿ ನೋಡಿದೆ. ಹೊರಗಿದ್ದರೆ ಚಿಮಟ, ಒಳಗಿದ್ದರೆ ಸೀರಮ್. ಒಪ್ಪಿಕೊಂಡೆ.

ಹೀಗಾಗಿ ಈಗ ಮೂರು ವಾರದಿಂದ ಬೆಳಿಗ್ಗೆ ಆರೂವರೆಗೆ ಒಳಗೆ ಹೋಗುವವನು ನಾನು. ಮೊದಲ ದಿನ ಪೇಪರನ್ನು ಒಳಗೆ ಒಯ್ಯಲು ನೋಡಿದೆ, ಒದ್ದೆಯಾಗುತ್ತದೆ ಎಂದು ಹೆಂಡತಿ ಬಾಗಿಲಲ್ಲೇ ಇಸಿದುಕೊಂಡಳು. ಅನುಮಾನದ ಕೊಳೆಯನ್ನೂ ಬಿಡದೆ ತೆಗೆಯುತ್ತೇನೆ, ಕಣ್ಣಿನ ಕೆಳಗೆ ಉಂಗುರ ಬೆರಳಿನಿಂದಲೇ ತಟ್ಟುತ್ತೇನೆ. ಕೆನ್ನೆ ನುಣುಪಾಗಿದೆ ಎಂದು ನನಗೇ ಅನ್ನಿಸಿ ಒಳಗೊಳಗೇ ಖುಷಿಯೂ ಆಗಿದೆ, ಇದನ್ನು ನೀವು ಯಾರಿಗೂ ಹೇಳಬಾರದು.

ಆದರೆ ಕೈ ಪಳಗಿದಂತೆ ವೇಗವೂ ಹೆಚ್ಚಿತು. ಇವತ್ತು ಬೆಳಿಗ್ಗೆ ಹದಿನಾಲ್ಕು ಹಂತವೂ ಎಂಟೇ ನಿಮಿಷಕ್ಕೆ ಮುಗಿದವು. ಉಳಿದ ಹನ್ನೆರಡು ನಿಮಿಷ ಹೊರಗೆ ಕುಳಿತು ಮೊದಲ ಪುಟವನ್ನಾದರೂ ಓದೋಣವೆಂಬ ಆಸೆಯಿಂದ ಮೆಲ್ಲಗೆ ಚಿಲಕ ಸರಿಸಿ ಬಾಗಿಲು ತಳ್ಳಿದೆ. ಬಾಗಿಲು ತೆರೆಯಲಿಲ್ಲ. ಇನ್ನೊಮ್ಮೆ ತಳ್ಳಿದೆ. ಹೊರಗಿನಿಂದ ಚಿಲಕ ಹಾಕಿತ್ತು.

"ಏನೇ ಇದು?" ಅಂದೆ.

ಹೊರಗೆ ಕಾಫಿ ಲೋಟ ಕೆಳಗಿಟ್ಟ ಸದ್ದು, ಪೇಪರಿನ ಹಾಳೆ ಮಗುಚಿದ ಸದ್ದು.

"ನಾನಿನ್ನೂ ಮೂರನೇ ಪುಟದಲ್ಲಿದ್ದೀನಿ ರೀ," ಅಂದಳು ನನ್ನ ಹೆಂಡತಿ. "ಕುತ್ತಿಗೆಗೂ ಸ್ವಲ್ಪ ಹಚ್ಕೊಳ್ಳಿ."

ಹಚ್ಚಿಕೊಂಡೆ.