ಹಪ್ಪಳದ ಹಿಟ್ಟು ಮತ್ತು ನನ್ನ ಆಡಳಿತ

ಇಪ್ಪತ್ತು ವರ್ಷ ಇನ್ನೊಬ್ಬರ ಕೈಕೆಳಗೆ ದುಡಿದವನಿಗೆ ಒಂದು ಕುರ್ಚಿಯಷ್ಟು ಅಧಿಕಾರ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ನೀವು ಬೇರೆ ಉದಾಹರಣೆ ಹುಡುಕಬೇಕಾಗಿಲ್ಲ, ನಾನೇ ಇದ್ದೇನೆ. ನನಗೆ ಸಿಕ್ಕಿದ್ದು ದೊಡ್ಡ ಅಧಿಕಾರವೇನಲ್ಲ, ನನ್ನ ಹೆಂಡತಿಯ ಹಪ್ಪಳದ ವ್ಯಾಪಾರದ ಆಡಳಿತ. ಅದೂ ಅವಳು ಕೊಟ್ಟದ್ದಲ್ಲ, ನಾನೇ ತೆಗೆದುಕೊಂಡದ್ದು. ಚಲಾಯಿಸಿದ್ದು ಮೂರು ವಾರ. ಅದಕ್ಕಾಗಿ ಇವತ್ತಿಗೂ ಮನಸ್ಸಿನೊಳಗೇ ಕೈ ಹಿಸುಕಿಕೊಳ್ಳುತ್ತಿದ್ದೇನೆ.

ಜಯನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಬಿಸಿಲಿಗೆ ಅಡ್ಡವಿಲ್ಲದ ತಾರಸಿ ಸಿಕ್ಕಿತೆಂದು ನನ್ನ ಹೆಂಡತಿ ಲಲಿತ ಹಪ್ಪಳ ಮಾಡಿ ಮಾರಲು ಶುರುಮಾಡಿದಳು. ಅಕ್ಕಪಕ್ಕದ ನಾಲ್ಕೈದು ಹೆಂಗಸರು ಜೊತೆಗೂಡಿದರು. ಅವರಲ್ಲಿ ಹಿರಿಯರು ಹಿಂದಿನ ರಸ್ತೆಯ ರುಕ್ಕಮ್ಮ. ಒಂಟಿ ಜೀವ, ವಯಸ್ಸು ಎಪ್ಪತ್ತರ ಹತ್ತಿರ. ಹಿಟ್ಟು ಕಲಸುವುದು ಅವರ ಕೆಲಸ. ಅವರಿಗೆ ಅಳತೆ ನೆನಪಿರುತ್ತಿರಲಿಲ್ಲ, ಆದರೆ ನಾಲಿಗೆ ಎಂದೂ ಮೋಸ ಮಾಡಿದ್ದಿಲ್ಲ. ಒಂದು ಉಂಡೆ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಇನ್ನೊಂದು ಚಿಟಿಕೆ ಉಪ್ಪು ಬೇಕು ಎನ್ನುವರು. ಆಮೇಲೆ ಲಟ್ಟಿಸುವವರೆಲ್ಲ ಹರಟೆ ಹೊಡೆಯುತ್ತ ಒಂದೊಂದು ಉಂಡೆ ನುಂಗುವರು. ಎಣ್ಣೆ ಹಚ್ಚಿ ಕುಟ್ಟಿದ ಉದ್ದಿನ ಹಿಟ್ಟನ್ನು ಹಸಿಯಾಗಿ ತಿನ್ನುವ ಸುಖ ಗೊತ್ತಿರುವವರಿಗೆ ನಾನು ವಿವರಿಸಬೇಕಾಗಿಲ್ಲ; ಗೊತ್ತಿಲ್ಲದವರನ್ನು ಕಂಡರೆ ನನಗೆ ಕನಿಕರ.

ಆ ವರ್ಷ ನಮ್ಮ ಕಚೇರಿಯಲ್ಲಿ ಗುಮಾಸ್ತರಿಗೆಲ್ಲ ಆಡಳಿತದ ಬಗ್ಗೆ ಒಂದು ವಾರ ಉಪನ್ಯಾಸ ಕೊಡಿಸಿದರು. ಶಿಸ್ತು, ಮೇಲ್ವಿಚಾರಣೆ, ಪೋಲು ತಡೆಯುವುದು, ಹೀಗೆ ಏನೇನೋ. ಕಚೇರಿಯಲ್ಲಿ ನನ್ನ ಕೈಕೆಳಗೆ ಒಂದು ನರಪಿಳ್ಳೆಯೂ ಇರಲಿಲ್ಲವಾದ್ದರಿಂದ ಕಲಿತದ್ದನ್ನೆಲ್ಲ ಮನೆಗೆ ತಂದೆ. ಅದೇ ಹೊತ್ತಿಗೆ ನಾಲ್ಕನೇ ಬ್ಲಾಕಿನ ಒಂದು ಮದುವೆ ಮನೆಯವರು ಹಪ್ಪಳಕ್ಕೆ ಹೇಳಿಕಳಿಸಿದ್ದರು. ಇದೊಂದು ಚೆನ್ನಾಗಿ ಆಗಿಬಿಟ್ಟರೆ ಇನ್ನು ಮುಂದೆ ಬಡಾವಣೆಯ ಮದುವೆಗಳೆಲ್ಲ ತನ್ನವೇ ಎಂದು ಲಲಿತ ಆಸೆ ಕಟ್ಟಿಕೊಂಡಿದ್ದಳು. ನಾನು ರಜೆ ಹಾಕಿ, ನಡುಮನೆಯಲ್ಲಿ ಕುರ್ಚಿ ಎಳೆದುಕೊಂಡು ಕುಳಿತೆ. ಹಾಜರಿ ಪುಸ್ತಕ ಬಂತು. ಹರಟೆ ನಿಂತಿತು. ಹಿಟ್ಟು ತಿನ್ನಕೂಡದು, ರುಚಿ ನೋಡುವ ನೆಪದಲ್ಲಿ ಹಪ್ಪಳ ಕರಿಯಕೂಡದು ಎಂದು ಬರೆದ ಕಾಗದವೊಂದು ಗೋಡೆಯ ಮೇಲೆ ಕುಳಿತಿತು.

"ರೀ, ಅದು ತಿನ್ನೋದಲ್ಲ, ನೋಡೋದು" ಎಂದು ಲಲಿತ ಒಂದು ಸಲ ಹೇಳಿದಳು. ಪೋಲು ಎಂದರೆ ಪೋಲೇ ಎಂದೆ. ನನ್ನ ಹಠ ಅವಳಿಗೆ ಹೊಸದಲ್ಲ, ಹೋಗಿ ಲಟ್ಟಿಸಲು ಕುಳಿತಳು. ರುಕ್ಕಮ್ಮ ಮಾತ್ರ ನಗುತ್ತ, ಮ್ಯಾನೇಜರು ಹೇಳಿದ ಮೇಲೆ ಮುಗಿಯಿತು ಎಂದರು. ಆ ಮಾತು ನನಗೆ ಎಷ್ಟು ಹಿತವಾಯಿತೆಂದರೆ, ಅದರಲ್ಲಿ ತಮಾಷೆ ಇದ್ದದ್ದು ಹೊಳೆಯಲೇ ಇಲ್ಲ.

ಮದುವೆಯ ಹಿಟ್ಟು ಕಲಸುವ ಬೆಳಿಗ್ಗೆ ರುಕ್ಕಮ್ಮ ಉಪ್ಪಿನ ಬಟ್ಟಲು ಕೈಗೆತ್ತಿಕೊಂಡ ಹೊತ್ತಿಗೆ ಸರಿಯಾಗಿ ನಾನು ಹಾಜರಿ ಕೂಗಿದೆ. ಪಾಪ, ಅವರು ಬಟ್ಟಲನ್ನು ಪಕ್ಕಕ್ಕಿಟ್ಟು, ಕೈ ತೊಳೆದು ಬಂದು, ಹೆಬ್ಬೆಟ್ಟು ಒತ್ತಿ, ಮಸಿ ಹೋಗಲೆಂದು ಮತ್ತೆ ಕೈ ತೊಳೆದುಕೊಂಡು ಹೋಗಿ ಹಿಟ್ಟು ನಾದಿದರು. ಸ್ವಲ್ಪ ಹೊತ್ತಿನ ಮೇಲೆ ಎಲ್ಲರೂ ಚಾಪೆ ಹಾಸಲು ತಾರಸಿಗೆ ಹೋದರು. ಇಂಗಿನ ವಾಸನೆ ನಡುಮನೆಯವರೆಗೂ ಬರುತ್ತಿತ್ತು. ಎಷ್ಟು ಹೊತ್ತೆಂದು ತಡೆದುಕೊಳ್ಳಲಿ? ಮೆಲ್ಲಗೆ ಒಳಗೆ ಹೋಗಿ, ಬಾಗಿಲ ಹಿಂದೆ ನಿಂತು, ಒಂದು ದೊಡ್ಡ ಉಂಡೆಯನ್ನೇ ಬಾಯಿಗೆ ಹಾಕಿಕೊಂಡೆ. ಸಪ್ಪೆ. ಉಪ್ಪು ಬಟ್ಟಲಲ್ಲಿ ಹಾಗೇ ಕುಳಿತಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ನನ್ನ ಕಾನೂನನ್ನು ನಾನೇ ಮುರಿದದ್ದು ಬಯಲಾಗುತ್ತಿತ್ತು. ಒಣಗಿದ ಮೇಲೆ ರುಚಿ ಬಂದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಬಾಯಿ ಒರೆಸಿಕೊಂಡು, ಹೋಗಿ ಕುರ್ಚಿಯಲ್ಲಿ ಕುಳಿತೆ.

ಮದುವೆಯಲ್ಲಿ ಯಾರೂ ಗಲಾಟೆ ಮಾಡಲಿಲ್ಲ. ಒಂದು ಚೂರು ಮುರಿದು ಬಾಯಿಗಿಟ್ಟು, ಉಳಿದದ್ದನ್ನು ಎಲೆಯ ತುದಿಗೆ ಸರಿಸಿದರು, ಅಷ್ಟೇ. ಆ ಬಡಾವಣೆಯಲ್ಲಿ ಲಲಿತಳಿಗೆ ಇನ್ನೊಂದು ಮದುವೆ ಸಿಗಲಿಲ್ಲ. "ನನ್ನ ಕೈ ಹೋಯ್ತಮ್ಮ, ಇನ್ನು ಕರೀಬೇಡ" ಎಂದು ರುಕ್ಕಮ್ಮ ಅವಳಿಗೆ ಹೇಳಿದಾಗ ನಾನು ಅಲ್ಲೇ ಇದ್ದೆ. ಹಾಜರಿ ಪುಸ್ತಕ ನೋಡುತ್ತಿದ್ದೆ. ಮರುದಿನವೇ ಲಲಿತ ಗೋಡೆಯ ಕಾಗದ ಕಿತ್ತು ಒಲೆಗೆ ಹಾಕಿದಳು. ಹರಟೆ ವಾಪಸು ಬಂತು, ರುಕ್ಕಮ್ಮ ಬರಲಿಲ್ಲ. ನಿಜ ಹೇಳಿಬಿಡಬೇಕೆಂದು ಎರಡು ಸಲ ಅವರ ಮನೆಗೆ ಹೋದೆ. ಎರಡು ಸಲವೂ ಅವರು ಕೊಟ್ಟ ಕಾಫಿ ಕುಡಿದು ಎದ್ದು ಬಂದೆ.

ಕಳೆದ ವರ್ಷ ಅವರು ತೀರಿಕೊಂಡರು. ವೈಕುಂಠ ಸಮಾರಾಧನೆಯ ಊಟಕ್ಕೆ ಹಪ್ಪಳ ಬಡಿಸಿದರು, ನನಗೆ ಮುಟ್ಟಲಾಗಲಿಲ್ಲ. ಮನೆಗೆ ನಡೆದು ಬರುವಾಗ ಲಲಿತಳಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ನಡಿಗೆ ನಿಲ್ಲಿಸಲಿಲ್ಲ.

"ಗೊತ್ತು" ಎಂದಳು. "ಉಪ್ಪು ಹಾಕಿದ್ನೋ ಇಲ್ವೋ ಅಂತ ಅವರಿಗೆ ಅನುಮಾನ ಬಂದಿತ್ತಂತೆ. ತಾರಸಿಯಿಂದ ಇಳಿದು ಬಂದಾಗ ನಿಮ್ಮ ಮೀಸೇಲಿ ಹಿಟ್ಟು ಅಂಟಿತ್ತಂತೆ. ಮ್ಯಾನೇಜರೇ ರುಚಿ ನೋಡಿದಾರೆ, ಕಮ್ಮಿ ಇದ್ದಿದ್ರೆ ಹೇಳ್ತಿದ್ರು ಅಂತ ಸುಮ್ನಾಗ್ಬಿಟ್ರಂತೆ. ನಿಮಗೆ ಹೇಳ್ಬಾರ್ದು, ಬೇಜಾರು ಮಾಡ್ಕೋತಾರೆ ಅಂತ ನನ್ನಿಂದ ಆಣೆ ಹಾಕಿಸ್ಕೊಂಡಿದ್ರು."

ಮರುದಿನ ಬೆಳಿಗ್ಗೆ ಮೀಸೆ ಬೋಳಿಸಿಬಿಟ್ಟೆ. ಕಚೇರಿಯಲ್ಲಿ ಎಲ್ಲರೂ ಯಾಕೆಂದು ಕೇಳಿದರು. ಸೆಖೆ ಎಂದೆ.