ಚೇಚಿಯ ಕೊರಿಯನ್ ವಾರ್ಡು

ಕೊರಿಯಾದ ಪ್ರೇಮ ಧಾರಾವಾಹಿ ಓಡುವ ಮನೆಯಲ್ಲಿ ಟಿವಿಯೊಳಗೆ ನಡೆಯುವುದಕ್ಕಿಂತ ಟಿವಿಯ ಮುಂದೆ ನಡೆಯುವುದೇ ಹೆಚ್ಚು. ಅಂಥ ಮನೆಯಲ್ಲಿ ಮೂರು ವರ್ಷ ಇದ್ದು ಬಂದವಳು ನಾನು, ಸುಮ್ಮನೆ ಹೇಳುತ್ತಿಲ್ಲ.

ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿತ್ತು. ಧಾರವಾಡದಿಂದ ಕೊಚ್ಚಿಗೆ ಕಂಪ್ಯೂಟರ್ ಕೆಲಸಕ್ಕೆ ಬಂದು, ಕಳಮಶ್ಶೇರಿಯಲ್ಲಿ ಒಬ್ಬ ನಿವೃತ್ತ ನರ್ಸಮ್ಮನ ಮನೆಯ ಮಹಡಿಯಲ್ಲಿ ಉಳಿದುಕೊಂಡಿದ್ದೆ. ಅರವತ್ತು ದಾಟಿದ್ದ ಅವರನ್ನು ಎಲ್ಲರೂ ಚೇಚಿ, ಅಂದರೆ ಅಕ್ಕ, ಎಂದೇ ಕರೆಯಬೇಕಿತ್ತು. ಆಂಟಿ ಎಂದರೆ ತಿರುಗಿಯೂ ನೋಡುತ್ತಿರಲಿಲ್ಲ. ಅವರು ಮಾತ್ರ ನನ್ನನ್ನು ಮೋಳೇ, ಅಂದರೆ ಮಗಳೇ, ಎನ್ನುತ್ತಿದ್ದರು. ಹೀಗೆ ಪರ ಊರಿನಲ್ಲಿ ನನಗೆ ಅಕ್ಕನೂ ತಾಯಿಯೂ ಒಬ್ಬರಲ್ಲೇ ಸಿಕ್ಕರು.

ನನ್ನ ರೂಮಿನಲ್ಲಿದ್ದ ಇನ್ನೊಬ್ಬಳು ಇಂಫಾಲದ ಹುಡುಗಿ. ಅವಳ ಊರಿನಲ್ಲಿ ಕೊರಿಯನ್ ಧಾರಾವಾಹಿ ಮನೆಮನೆಯಲ್ಲೂ ಇತ್ತಂತೆ. ಪ್ರತಿ ಸಲ ರಜೆ ಮುಗಿಸಿ ಬರುವಾಗ ಬಟ್ಟೆಗಿಂತ ಹೆಚ್ಚು ಡಿವಿಡಿ ತರುತ್ತಿದ್ದಳು. ನಮ್ಮ ರೂಮಿನಲ್ಲಿ ಟಿವಿ ಇರಲಿಲ್ಲ, ಕೆಳಗೆ ಚೇಚಿಯ ಹತ್ತಿರ ಇತ್ತು. ಹಾಗೆ ಶುರುವಾಯಿತು.

ತೊಡಕು ಒಂದೇ. ಚೇಚಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮುಖ ಕಾಣುತ್ತಿತ್ತು, ಕೆಳಗೆ ಬರುವ ಇಂಗ್ಲಿಷ್ ಅಕ್ಷರ ಕಾಣುತ್ತಿರಲಿಲ್ಲ. ಒಮ್ಮೆ ಕೊನೆಯ ಮೆಟ್ಟಿಲು ಕಾಣದೆ ಬಿದ್ದು ಮೊಣಕೈ ಊದಿಸಿಕೊಂಡಿದ್ದರು. ಆಪರೇಷನ್ ಮಾಡಿಸಿಕೊಳ್ಳಿ ಎಂದರೆ ಮಾತು ತೇಲಿಸಿಬಿಡುತ್ತಿದ್ದರು. ನಲವತ್ತು ವರ್ಷ ಊರವರನ್ನೆಲ್ಲ ಆಪರೇಷನ್ ಥಿಯೇಟರಿನೊಳಗೆ ತಳ್ಳಿಕೊಂಡು ಹೋದ ಹೆಂಗಸಿಗೆ ತಾವೇ ಆ ಬಾಗಿಲು ದಾಟುವುದೆಂದರೆ ಎದೆ ಡವಡವ. ಆದ್ದರಿಂದ ಅಕ್ಷರ ಓದಿ ಮಲಯಾಳದಲ್ಲಿ ಹೇಳುವ ಕೆಲಸ ನನಗೆ ಬಿತ್ತು. ನನಗೆ ಆಗ ಬರುತ್ತಿದ್ದ ಮಲಯಾಳ ಒಂದು ಪೋಸ್ಟ್ ಕಾರ್ಡಿನಲ್ಲಿ ಹಿಡಿಯುವಷ್ಟು.

ಡಿಸ್ಚಾರ್ಜ್ ಬರೆದವರು ಯಾರು?

ಈ ಧಾರಾವಾಹಿಗಳ ಬಗ್ಗೆ ನನ್ನ ಅಭಿಪ್ರಾಯ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಆ ದೇಶದಲ್ಲಿ ಬಡ ಹುಡುಗಿ ರಸ್ತೆ ದಾಟಿದರೆ ಸಾಕು, ಎದುರಿನ ಕಾರಿನಿಂದ ಶ್ರೀಮಂತರ ಮಗ ಇಳಿಯುತ್ತಾನೆ. ಅವನ ತಾಯಿ ಹುಡುಗಿಯನ್ನು ದೊಡ್ಡ ಹೋಟೆಲಿಗೆ ಕರೆಸಿ ಮುಖಕ್ಕೆ ಲೋಟದ ನೀರು ಎರಚುತ್ತಾಳೆ. ಹತ್ತನೆಯ ಕಂತಿನವರೆಗೆ ಅವನು ಅವಳ ಕೈ ಹಿಡಿಯುವುದಿಲ್ಲ, ಮಣಿಕಟ್ಟು ಹಿಡಿದು ಎಳೆದಾಡುತ್ತಾನೆ. ಹನ್ನೊಂದರಲ್ಲಿ ಮುತ್ತು ಕೊಡುತ್ತಾನೆ, ಇಬ್ಬರೂ ಕಣ್ಣು ಬಿಟ್ಟುಕೊಂಡು ಕಂಬದ ಹಾಗೆ ನಿಂತಿರುತ್ತಾರೆ. ಹದಿಮೂರರಲ್ಲಿ ಒಬ್ಬರಿಗೆ ಹಳೆಯದೆಲ್ಲ ಮರೆತುಹೋಗುತ್ತದೆ, ಇಲ್ಲವೇ ಮೂಗಿನಿಂದ ರಕ್ತ ಸೋರಿ ಮೂರು ತಿಂಗಳ ಗಡುವು ಬೀಳುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಹದಿನಾರು ಕಂತನ್ನು ಅತ್ತುಕೊಂಡೇ ನೋಡುತ್ತೇನೆ, ಅದು ಬೇರೆ ಮಾತು.

ಚೇಚಿ ನೋಡುವ ರೀತಿಯೇ ಬೇರೆ. ವಾರ್ಡಿಗೆ ರೌಂಡ್ಸ್ ಬಂದವರ ಹಾಗೆ ಕೂರುತ್ತಿದ್ದರು. ಅವನು ಮಣಿಕಟ್ಟು ಹಿಡಿದರೆ, ನಾಡಿ ನೋಡುವುದು ಹೀಗಲ್ಲ ಎನ್ನುತ್ತಿದ್ದರು. ಮುತ್ತಿನ ದೃಶ್ಯದಲ್ಲಿ ಇಬ್ಬರೂ ಅಲುಗಾಡದೆ ನಿಂತದ್ದು ನೋಡಿ, ಮೊದಲು ಇವರ ಬಿ.ಪಿ. ನೋಡಬೇಕಿತ್ತು ಎಂದರು. ನಾಯಕನಿಗಿಂತ ಅವನ ಗೆಳೆಯನ ಮೇಲೆ ಅವರಿಗೆ ಪ್ರೀತಿ. ಅವನಿಗೆ ಕೆಲಸ ಇದೆ, ಹೊತ್ತಿಗೆ ಸರಿಯಾಗಿ ಛತ್ರಿ ತರುತ್ತಾನೆ, ಈ ಹುಡುಗಿಗೆ ತಲೆ ಇಲ್ಲ ಎಂಬುದು ಅವರ ತೀರ್ಮಾನ. ಆ ತೀರ್ಮಾನ ಸರಿಯಾದದ್ದೆಂದು ನಾನು ಇವತ್ತಿಗೂ ನಂಬಿದ್ದೇನೆ.

ಒಂದು ಧಾರಾವಾಹಿಯಲ್ಲಿ ಆಸ್ಪತ್ರೆಯಲ್ಲಿದ್ದ ನಾಯಕನಿಗೆ ಹುಡುಗಿ ವಿಮಾನ ಹತ್ತುತ್ತಿದ್ದಾಳೆಂದು ಸುದ್ದಿ ಬಂತು. ಅವನು ಡ್ರಿಪ್ಪಿನ ಸೂಜಿ ಕಿತ್ತೆಸೆದು ಆಸ್ಪತ್ರೆಯ ಪೈಜಾಮದಲ್ಲೇ ಓಡಿದ. ನಾನೂ ಇಂಫಾಲದ ಹುಡುಗಿಯೂ ಉಸಿರು ಬಿಗಿಹಿಡಿದು ಕೂತಿದ್ದೆವು. ವಿಮಾನ ನಿಲ್ದಾಣದಲ್ಲಿ ಅವನು ಅವಳನ್ನು ಅಪ್ಪಿಕೊಂಡ.

ಚೇಚಿ ರಿಮೋಟ್ ಒತ್ತಿ ಚಿತ್ರ ನಿಲ್ಲಿಸಿದರು. "ಅವನಿಗೆ ಡಿಸ್ಚಾರ್ಜ್ ಬರೆದವರು ಯಾರು?" ಎಂದು ನನ್ನನ್ನೇ ಕೇಳಿದರು.

ಟವೆಲ್ಲು

ಇಂಫಾಲದ ಹುಡುಗಿ ಎಲ್ಲವನ್ನೂ ಊರಿನಲ್ಲೇ ಒಮ್ಮೆ ನೋಡಿ ಮುಗಿಸಿರುತ್ತಿದ್ದಳು. ಮುಂದಿನದು ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದಳು, ಹೇಳುತ್ತಲೂ ಇರಲಿಲ್ಲ. ಆದರೆ ದುಃಖದ ದೃಶ್ಯ ಬರುವುದಕ್ಕೆ ಎರಡು ನಿಮಿಷ ಮೊದಲೇ ಅವಳ ಕೈ ಟವೆಲ್ಲಿಗೆ ಹೋಗುತ್ತಿತ್ತು. ಪರದೆಯ ಮೇಲೆ ನಾಯಕ ನಾಯಕಿ ಐಸ್‌ಕ್ರೀಮ್ ತಿಂದು ನಗುತ್ತಿರುವಾಗ ಇವಳು ಮೂಗು ಒರೆಸಿಕೊಳ್ಳುತ್ತಿದ್ದಳು.

ಚೇಚಿ ಇದನ್ನು ಬಹಳ ಬೇಗ ಕಂಡುಹಿಡಿದರು. ಆಮೇಲೆ ಅವರು ಟಿವಿಯನ್ನು ಅರ್ಧ, ಆ ಹುಡುಗಿಯನ್ನು ಅರ್ಧ ನೋಡುತ್ತಿದ್ದರು. ಒಮ್ಮೆ ಅವಳು ಶೆಕೆಗೆ ಕತ್ತು ಒರೆಸಿಕೊಳ್ಳಲು ಟವೆಲ್ ತೆಗೆದಳು. ಚೇಚಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಈ ಸಲ ಯಾರು ಎಂದು ಕೇಳಿದರು.

ಬಸ್ಸು ನಿಂತದ್ದು

ದಿನಾ ಎರಡು ಗಂಟೆ ಅಕ್ಷರ ಓದಿ ಹೇಳಿ ನನಗೆ ಮಲಯಾಳ ಬಂತು. ತಪ್ಪಿದಲ್ಲೆಲ್ಲ ಚೇಚಿ ತಿದ್ದುತ್ತಿದ್ದರು. ಆದರೆ ಬಂದದ್ದೆಲ್ಲ ಪ್ರೇಮದ ಮಲಯಾಳ ಮತ್ತು ಆಸ್ಪತ್ರೆಯ ಮಲಯಾಳ. ನೀನಿಲ್ಲದೆ ಬದುಕಲಾರೆ ಎಂದು ತಡವರಿಸದೆ ಹೇಳುತ್ತಿದ್ದೆ. ಚಟ್ನಿ ಬೇರೆ ಕಟ್ಟಿಕೊಡಿ ಎನ್ನಲು ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಆಫೀಸಿಗೆ ತಡವಾಗಿತ್ತು. ನಾನು ಸ್ಟಾಪಿಗೆ ಓಡಿ ಬರುವಷ್ಟರಲ್ಲಿ ಬಸ್ಸು ಹೊರಟೇಬಿಟ್ಟಿತು. ಬಸ್ಸು ನಿಲ್ಲಿಸಿ ಎನ್ನುವುದಕ್ಕೆ ಪದ ನೆನಪಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಕಂಡಕ್ಟರನನ್ನು ನೋಡಿ ಬಾಯಿಗೆ ಬಂದದ್ದನ್ನು ಕೂಗಿದೆ. ನನ್ನನ್ನು ಒಂಟಿಯಾಗಿ ಬಿಟ್ಟು ಹೋಗಬೇಡ, ನಿನ್ನ ಹೊರತು ನನಗೆ ಯಾರೂ ಇಲ್ಲ ಎಂಬುದು ಅದರ ಅರ್ಥ.

ಬಸ್ಸು ನಿಂತಿತು. ಕಂಡಕ್ಟರ್ ಕೆಳಗಿಳಿದು, ಕೈ ಮುಟ್ಟದೆ, ಬಹಳ ಗೌರವದಿಂದ ಹತ್ತಿಸಿಕೊಂಡ. ಒಬ್ಬ ಅಜ್ಜಿ ತಾವೇ ಎದ್ದು ನನಗೆ ಸೀಟು ಕೊಟ್ಟರು. ಆಮೇಲೆ ಬಗ್ಗಿ, ಹುಡುಗ ಬಸ್ಸಿನಲ್ಲೇ ಇದ್ದಾನೋ, ಇಳಿದುಹೋದನೋ ಎಂದು ವಿಚಾರಿಸಿದರು.

ಅವ್ವ ಬಂದಳು

ನಾನು ಒಬ್ಬಳೇ ಹೇಗಿದ್ದೇನೆಂದು ನೋಡಲು ಅವ್ವ ಧಾರವಾಡದಿಂದ ರೊಟ್ಟಿ ಗಂಟು ಕಟ್ಟಿಕೊಂಡು ಬಂದಳು. ಅವ್ವನಿಗೆ ಕನ್ನಡ ಬಿಟ್ಟು ಬೇರೆ ಬಾರದು. ಚೇಚಿಗೆ ಕನ್ನಡ ಒಂದಕ್ಷರ ತಿಳಿಯದು. ಮೊದಲ ದಿನ ಇಬ್ಬರೂ ನಕ್ಕು ನಕ್ಕು ದಣಿದರು.

ಎರಡನೆಯ ದಿನ ನಾನು ಆಫೀಸಿನಿಂದ ಬರುವ ಹೊತ್ತಿಗೆ ಅವರಿಬ್ಬರೇ ಟಿವಿ ಮುಂದೆ ಕೂತಿದ್ದರು. ಓದಿ ಹೇಳುವವರು ಯಾರೂ ಇಲ್ಲ. ನಾಯಕನ ತಾಯಿ ನೀರಿನ ಲೋಟ ಎತ್ತಿದ್ದಳು. ಅವ್ವ ಕನ್ನಡದಲ್ಲಿ, ಚೇಚಿ ಮಲಯಾಳದಲ್ಲಿ, ಆ ಹೆಂಗಸಿನ ಜನ್ಮ ಜಾಲಾಡುತ್ತಿದ್ದರು. ಅವ್ವ ಒಂದು ಹೇಳಿದರೆ ಚೇಚಿ ಹೌದೆನ್ನುವಂತೆ ಅವಳ ಮೊಣಕಾಲು ತಟ್ಟುತ್ತಿದ್ದರು.

ನಾನು ಕೂತು ಓದಿ ಹೇಳಲು ಶುರುಮಾಡಿದೆ, ಕನ್ನಡಕ್ಕೆ ಒಮ್ಮೆ, ಮಲಯಾಳಕ್ಕೆ ಒಮ್ಮೆ. ಎರಡು ನಿಮಿಷ ಸಹಿಸಿಕೊಂಡ ಅವ್ವ ನನ್ನ ಕಡೆ ತಿರುಗಿದಳು.

"ನೀ ಸುಮ್ನ ಕೂಡವಾ. ನಾವಿಬ್ಬರೂ ಮಾತಾಡಾಕತ್ತೀವಿ, ನಡುವ ನಿಂದೇನು?"

ಊರಿಗೆ ಹೊರಡುವಾಗ ಅವ್ವ ಇಲ್ಲಿ ನಿನಗೆ ಹೇಗೋ ಏನೋ ಎಂದು ಅಳಲಿಲ್ಲ. ಚೇಚಿಯ ಕೈ ಹಿಡಿದು, ಆ ಹುಡುಗಿಯ ಮದುವೆ ಆದರೆ ನನಗೊಂದು ಫೋನ್ ಮಾಡಿಸಿ ಎಂದು ಕಣ್ಣೊರೆಸಿಕೊಂಡಳು. ಯಾವ ಹುಡುಗಿ ಎಂದು ನಾನು ಕೇಳಲಿಲ್ಲ. ನಾನಂತೂ ಅಲ್ಲ.

ಫೋರ್ಟ್ ಕೊಚ್ಚಿಯಲ್ಲಿ ಮೂಗು

ಒಂದು ಭಾನುವಾರ ಮೂವರೂ ಫೋರ್ಟ್ ಕೊಚ್ಚಿಗೆ ಹೋಗಿದ್ದೆವು. ಮೀನಿನ ದೊಡ್ಡ ಬಲೆಗಳ ಹತ್ತಿರ ಒಂದು ಜೋಡಿ ಫೋಟೋ ತೆಗೆಸಿಕೊಳ್ಳುತ್ತಿತ್ತು. ಅವರ ಮಾತು ಕಿವಿಗೆ ಬಿದ್ದ ಕೂಡಲೇ ನಮ್ಮ ಇಂಫಾಲದ ಹುಡುಗಿ ನನ್ನ ತೋಳು ಹಿಂಡಿದಳು. ಅಪ್ಪಟ ಕೊರಿಯನ್ನರು. ಹುಡುಗ ಹುಡುಗಿಯ ಚೀಲವನ್ನೂ ತಾನೇ ಹೊತ್ತಿದ್ದ, ಥೇಟ್ ಧಾರಾವಾಹಿ.

ನೋಡುತ್ತಿದ್ದಂತೆ ಆ ಹುಡುಗಿಯ ಮೂಗಿನಿಂದ ರಕ್ತ ಇಳಿಯಿತು.

ನಮ್ಮಿಬ್ಬರಿಗೂ ಅರ್ಥವಾಯಿತು. ಹದಿಮೂರನೆಯ ಕಂತು. ನನ್ನ ಪಕ್ಕದಲ್ಲಿ ಟವೆಲ್ ಹೊರಬಂದಿತ್ತು. ಪಾಪ, ಆ ಹುಡುಗನಿಗೆ ಇನ್ನೂ ಏನೂ ಗೊತ್ತಿಲ್ಲವಲ್ಲ ಎಂದು ನನಗೆ ಅಳುವೇ ಬಂತು. ಅಷ್ಟರಲ್ಲಿ ಚೇಚಿ ನುಗ್ಗಿ ಹೋಗಿ, ಹುಡುಗಿಯನ್ನು ಕಲ್ಲಿನ ಮೇಲೆ ಕೂರಿಸಿ, ತಲೆ ಮುಂದಕ್ಕೆ ಬಗ್ಗಿಸಿ, ಮೂಗಿನ ಮೆದು ಭಾಗ ಹಿಡಿದು ಒತ್ತಿದರು. ಹತ್ತು ನಿಮಿಷದಲ್ಲಿ ರಕ್ತ ನಿಂತಿತು. ಬಿಸಿಲು, ಟೋಪಿ ಹಾಕು, ನೀರು ಕುಡಿ ಎಂದು ಇಂಗ್ಲಿಷಿನಲ್ಲಿ ಅಪ್ಪಣೆಯಾಯಿತು.

ಆ ಹುಡುಗ ಸೊಂಟದವರೆಗೆ ಬಗ್ಗಿ ಚೇಚಿಗೆ ವಂದಿಸಿದ. ಚೇಚಿಯೂ ಬಗ್ಗಿದರು. ಅದನ್ನು ನೋಡಿ ಅವನು ಇನ್ನೂ ಕೆಳಕ್ಕೆ ಬಗ್ಗಿದ. ಚೇಚಿ ಸೋಲುವವರಲ್ಲ. ನಾವು ಅವರನ್ನು ಎಳೆದುಕೊಂಡು ಹೋಗದಿದ್ದರೆ ಕೊನೆಯ ಬೋಟೂ ತಪ್ಪುತ್ತಿತ್ತು.

ಮಸ್ಕತ್

ಕೊನೆಗೆ ನನಗೆ ತಿರುವನಂತಪುರದ ಆಫೀಸಿಗೆ ವರ್ಗವಾಯಿತು. ಚೇಚಿ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, ಇನ್ನು ಓದಿ ಹೇಳುವವರು ಯಾರು, ಕಣ್ಣು ಮಾಡಿಸಿಯೇ ಬಿಡುತ್ತೇನೆ ಎಂದರು. ತಿರುವನಂತಪುರದ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಅವರ ಹಳೆಯ ಗೆಳತಿಯೊಬ್ಬರು ನರ್ಸ್ ಆಗಿದ್ದರು. ಅಲ್ಲೇ ಆಪರೇಷನ್, ಆಮೇಲೆ ಒಂದು ವಾರ ನನ್ನ ಹೊಸ ರೂಮಿನಲ್ಲಿ ವಿಶ್ರಾಂತಿ ಎಂದು ನಿಶ್ಚಯವಾಯಿತು. ಹೊರಡುವ ಮೊದಲು ಅರ್ಧಕ್ಕೆ ನಿಂತಿದ್ದ ಧಾರಾವಾಹಿಯ ಕೊನೆಯ ಕಂತು ನೋಡಬೇಕೆಂಬುದು ಅವರ ಒಂದೇ ಷರತ್ತು.

ಇಂಫಾಲದ ಹುಡುಗಿ ಅಡುಗೆಮನೆಗೆ ನನ್ನನ್ನು ಕರೆದು ಕೊನೆಯದು ಬೇಡ ಎಂದಳು. ಅವಳ ಮಾತು ಕೇಳಬೇಕಿತ್ತು.

ಕಂತಿನ ನಡುವೆ ನಾಯಕಿಯನ್ನು ಥಿಯೇಟರಿನೊಳಗೆ ತಳ್ಳಿಕೊಂಡು ಹೋದರು. ಬಾಗಿಲ ಮೇಲಿನ ಕೆಂಪು ದೀಪ ಆರಿತು. ಡಾಕ್ಟರು ಹೊರಬಂದು ಮುಖದ ಬಟ್ಟೆ ತೆಗೆದು ತಲೆ ತಗ್ಗಿಸಿದರು. ಕೆಳಗೆ ಅಕ್ಷರ ಬಂದವು. ಆಪರೇಷನ್ನಿಗೆ ಇನ್ನು ಎರಡೇ ದಿನ. ಈ ಸಾಲು ಓದಿ ಹೇಳಿದರೆ ಚೇಚಿ ಕಳಮಶ್ಶೇರಿ ಬಿಟ್ಟು ಕದಲುವುದಿಲ್ಲ, ಮುಂದಿನ ಸಲ ಮೆಟ್ಟಿಲಲ್ಲಿ ಬರೀ ಮೊಣಕೈ ಊದುವುದಿಲ್ಲ.

"ಏನಂತೆ ಡಾಕ್ಟರು?" ಎಂದರು ಚೇಚಿ.

ಟಿವಿಯ ಮೇಲೆ ಚೇಚಿ ಮಸ್ಕತ್‌ನಲ್ಲಿ ಕೆಲಸ ಮಾಡುತ್ತಿದ್ದಾಗ ತಂದ ಗಡಿಯಾರ ಗೋಡೆಯಲ್ಲಿ ನೇತಾಡುತ್ತಿತ್ತು. ನನ್ನ ಕಣ್ಣು ಅದರ ಮೇಲೆ ಬಿತ್ತು.

ಆಪರೇಷನ್ ಚೆನ್ನಾಗಿ ಆಯಿತಂತೆ, ಮುಂದಿನ ಚಿಕಿತ್ಸೆಗೆ ಮಸ್ಕತ್‌ಗೆ ಕಳಿಸುತ್ತಾರಂತೆ ಎಂದೆ.

ಮುಂದೆ ನಾಯಕಿಯ ದೊಡ್ಡ ಫೋಟೋ, ಸುತ್ತ ಬಿಳಿ ಹೂವು, ಅಂಚಿಗೆ ಕಪ್ಪು ರಿಬ್ಬನ್ನು. ವೀಸಾಗೆ ತೆಗೆಸಿದ ಫೋಟೋ ಎಂದೆ. ಕಪ್ಪು ಬಟ್ಟೆಯವರೆಲ್ಲ ಸಾಲಾಗಿ ಬಗ್ಗಿದರು. ಬೀಳ್ಕೊಡುಗೆ ಎಂದೆ. ಕೊನೆಗೆ ನಾಯಕ ಒಬ್ಬನೇ ಸಮುದ್ರದ ದಂಡೆಯಲ್ಲಿ ನಿಂತು ಡಬ್ಬಿಯಿಂದ ಏನನ್ನೋ ಹಿಡಿ ಹಿಡಿ ತೆಗೆದು ನೀರಿಗೆ ಬಿಟ್ಟ. ಅದೇನು ಎಂದರು ಚೇಚಿ. ಮೀನಿಗೆ ತಿಂಡಿ ಎಂದೆ. ಪಕ್ಕದಲ್ಲಿ ಇಂಫಾಲದ ಹುಡುಗಿ ಬಿಕ್ಕುತ್ತಿದ್ದಳು. ಇವಳಿಗೆ ನೆಗಡಿ ಎಂದೆ. ಚೇಚಿ "ಹೂಂ" ಎಂದು ಟಿವಿ ಆರಿಸಿದರು.

ಆಪರೇಷನ್ ಸರಾಗವಾಗಿ ಆಯಿತು. ಥಿಯೇಟರಿನ ಬಾಗಿಲಲ್ಲಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದವರು ತಾವೇ ಬಿಟ್ಟು ಒಳಗೆ ಹೋದರು. ವಾರ ಕಳೆದ ಮೇಲೆ ಅವರನ್ನು ರೈಲು ಹತ್ತಿಸಲು ತಿರುವನಂತಪುರದ ತಂಪಾನೂರು ರೈಲ್ವೆ ಸ್ಟೇಷನ್ನಿಗೆ ಹೋಗಿದ್ದೆ. ಕಪ್ಪು ಕನ್ನಡಕ ಹಾಕಿಕೊಂಡು ಬೆಂಚಿನಲ್ಲಿ ಕೂತವರು ಮೊದಲು ಆ ಪ್ಲಾಟ್‌ಫಾರ್ಮಿನ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಮೋಳೇ, ಆ ಹುಡುಗಿ ಸತ್ತುಹೋದಳಲ್ಲ?"

ಯಾವಾಗ ಗೊತ್ತಾಯಿತು ಎಂದು ಕೇಳಿದೆ. ಅವತ್ತೇ ಎಂದರು. ಅಕ್ಷರ ಕಾಣದಿದ್ದರೇನು, ಡಾಕ್ಟರು ತಲೆ ತಗ್ಗಿಸಿ ಹೊರಬಂದರೆ ಏನೆಂದು ಎಷ್ಟು ಸಲ ನೋಡಿಲ್ಲ ಎಂದರು. ಅಲ್ಲದೆ ನೆಗಡಿಗೆ ಯಾರೂ ಎರಡು ಟವೆಲ್ ಒದ್ದೆ ಮಾಡುವುದಿಲ್ಲ.

"ಮತ್ತೆ ಹೇಗೆ ಹೊರಟಿರಿ ಚೇಚಿ?"

"ರೋಗಿಗಳ ಮನೆಯವರಿಗೆ ಅಂಥ ಸುಳ್ಳು ನಾನೇ ಎಷ್ಟೋ ಹೇಳಿದ್ದೇನೆ. ನನಗೋಸ್ಕರ ಯಾರೂ ಹೇಳಿರಲಿಲ್ಲ. ನಾನು ಹೆದರಬಾರದು ಅಂತ ನೀನು ಸಮುದ್ರದ ಮೀನಿಗೂ ತಿಂಡಿ ಹಾಕಿಸಿದೆ. ಅಷ್ಟಾದ ಮೇಲೆ ಹೋಗದೆ ಇರೋದಕ್ಕೆ ನನಗೆ ಮುಖ ಎಲ್ಲಿತ್ತು?"

ಅಷ್ಟು ದಿನ ಅವರು ಕಲಿಸಿದ ಮಲಯಾಳದಲ್ಲಿ ಕೃತಜ್ಞತೆ ಹೇಳೋಣವೆಂದರೆ ಒಂದು ಪದವೂ ನೆನಪಿಗೆ ಬರಲಿಲ್ಲ. ಅವರ ಕೈ ಹಿಡಿದು ಕೂತೆ. ರೈಲು ಬಂತು. ಚೀಲ ಒಳಗಿಟ್ಟು ಕೆಳಗಿಳಿದಾಗ ಚೇಚಿ ಕಿಟಕಿಯಿಂದ ಬೆರಳು ಆಡಿಸಿ ಹತ್ತಿರ ಕರೆದರು.

"ಒಂದು ಮಾತು ಮೋಳೇ. ನಾನು ಹನ್ನೆರಡು ವರ್ಷ ಇದ್ದದ್ದು ಮಸ್ಕತ್‌ನ ಒಂದು ಚಿಕ್ಕ ಆಸ್ಪತ್ರೆಯಲ್ಲಿ. ಕೇಸು ಕಷ್ಟ ಅಂತ ಕಂಡರೆ ನಾವು ಅಲ್ಲಿಂದ ಇಲ್ಲಿಗೆ, ಕೇರಳಕ್ಕೇ ಕಳಿಸ್ತಿದ್ದೆವು. ಇನ್ನೊಂದು ಸಲ ಯಾರನ್ನಾದರೂ ಬದುಕಿಸಬೇಕು ಅಂತಿದ್ದರೆ ನಮ್ಮ ಮನೆ ಹತ್ತಿರದ ಎರ್ನಾಕುಳಕ್ಕೆ ಕಳಿಸು, ಬಸ್ಸಿದೆ."