ರೊಟ್ಟಿ ಮಣೆಯೂ ಅತ್ತೆಯ ಸಾಕ್ಷಿಯೂ

ಯಾರಾದರೂ ನನ್ನನ್ನು ಹುಚ್ಚ ಎಂದರೆ ನನಗೆ ಸಿಟ್ಟು ಬರುವುದಿಲ್ಲ. ಹಾಗೆಂದು ಬರೆದು ಸಹಿ ಹಾಕಿ ಕೊಡಿ ಎಂದು ಊರೂರು ಅಲೆದವನು ನಾನು.

ನಮ್ಮ ಜಹೀರಾಬಾದು ಬೀದರ ಜಿಲ್ಲೆ ಬಿಟ್ಟು ಆಂಧ್ರದ ಮೇದಕ ಜಿಲ್ಲೆಗೆ ಸೇರಿ ಆಗಲೇ ಬಹಳ ವರ್ಷಗಳಾಗಿದ್ದವು. ನಾನು ಅಲ್ಲಿ ಡ್ರಾಯಿಂಗ್ ಮಾಸ್ತರ. ಹೆಂಡತಿ ಗಿರಿಜೆಯ ಮಣಿಕಟ್ಟು ಉಳುಕಿದಾಗ ಜೋಳದ ರೊಟ್ಟಿ ಬಡಿಯಲು ಕೂತೆ. ಕರಿಹಲಗೆಯ ಮೇಲೆ ಕಣ್ಣು ಮುಚ್ಚಿ ವೃತ್ತ ಬರೆಯುವ ನನಗೆ ರೊಟ್ಟಿ ದುಂಡಗೆ ಬರಲಿಲ್ಲ. ಪೂರಿ ಒತ್ತುವ ಯಂತ್ರದಲ್ಲಿಟ್ಟರೆ ಅಂಚೆಲ್ಲ ಸೀಳಿತು. ಕೊನೆಗೆ ಒತ್ತುತ್ತಲೇ ತಿರುಗುವ ಮಣೆಯೊಂದನ್ನು ಬಡಿಗನಿಂದ ಮಾಡಿಸಿದೆ. ರೊಟ್ಟಿ ಸೀಳದೆ ಬಂತು! ಖುಷಿಗೆ ಅಡುಗೆಮನೆಯಲ್ಲೇ ಕುಣಿದೆ, ಪೇಟೆಂಟಿಗೆ ಅರ್ಜಿಯನ್ನೂ ಹಾಕಿದೆ.

ಕಚೇರಿ ತಿರಸ್ಕರಿಸಿತು. ಪೂರಿ ಯಂತ್ರ ಮೊದಲೇ ಇದೆ, ಕುಂಬಾರನ ತಿಗರಿಯೂ ಇದೆ, ಎರಡನ್ನೂ ಕೂಡಿಸುವುದು ಕಸುಬು ಬಲ್ಲ ಯಾರಿಗಾದರೂ ಹೊಳೆಯುವಂಥದ್ದು ಎಂದು ಕಾರಣ ಕೊಟ್ಟಿತು. ಯಾರಿಗಾದರೂ! ಆ ಕಾಗದ ಹಿಡಿದು ವಕೀಲರೊಬ್ಬರ ಬಳಿಗೆ ಓಡಿದೆ.

"ಮೇಲ್ಮನವಿ ಹಾಕೋಣ" ಎಂದರು ವಕೀಲರು. "ಕಸುಬು ಬಲ್ಲವರು ಇದು ಆಗದ ಕೆಲಸ ಅಂದಿದ್ದರೆ ಅದೇ ಪುರಾವೆ. ನಿಮ್ಮನ್ನು ನೋಡಿ ನಕ್ಕವರು ಯಾರಾದರೂ ಇದ್ದಾರೆಯೆ?"

ನಗದವರು ಯಾರಿದ್ದರು! ಅವರಿಂದ ಬರೆಸಿಕೊಂಡು ಬರಲು ನಾನು ಹಿಗ್ಗಿ ಬಸ್ಸು ಹತ್ತಿದೆ. ಆದರೆ ಸರ್ಕಾರದ ಮುಂದೆ ತಮ್ಮವರ ಮಾನ ಕಳೆಯುವವರಲ್ಲ ನಮ್ಮ ಜನ. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ ನಾರಾಯಣಖೇಡದ ಬೀಗರು ಚಹಾ ಕೊಟ್ಟು, "ಛೇ, ನಾವ್ಯಾಕ ನಗ್ತೀವ್ರಿ? ನಿಮ್ಮ ದಿಮಾಗ್ ನಮಗ ಮೊದಲೇ ಗೊತ್ತಿತ್ತು. ಇದು ಆಗೇ ಆಗ್ತದ ಅಂದಿದ್ದೆವಲ್ಲ!" ಎಂದರು. ತಾಂಡೂರಿನ ನೆಂಟರ ಮನೆಯಲ್ಲೂ ಅದೇ ಮರ್ಯಾದೆ. ಇಷ್ಟು ಗೌರವ ಸಿಕ್ಕರೆ ಸೋಲುವುದು ಖಂಡಿತ ಎಂದು ನನಗೆ ಅಳುವೇ ಬಂತು.

ಉಳಿದವರು ಮನೂರಿನ ನನ್ನ ಅತ್ತೆ. ಜೀವಮಾನವಿಡೀ ರೊಟ್ಟಿ ಬಡಿದವರು, ಅಳಿಯನ ಮುಖ ನೋಡಿ ಮಾತು ಬದಲಿಸುವವರಲ್ಲ. ವಿಚಾರಣೆಯ ದಿನ ವಿಭೂತಿ ಹಚ್ಚಿಕೊಂಡು, ಸೆರಗು ಹೊದ್ದು ನ್ಯಾಯಾಧೀಶರ ಮುಂದೆ ನಿಂತರು.

"ಇಂಥ ಮಣೆ ಯಾರಿಗಾದರೂ ಹೊಳೆಯುತ್ತದೆಯೆ, ತಾಯಿ?" ಎಂದರು ವಕೀಲರು.

"ರೊಟ್ಟಿ ಮಾಡಾಕ ಬರೋರಿಗೆ ಯಾರಿಗೂ ಹೊಳ್ಯಾಂಗಿಲ್ರಿ. ಒತ್ತಿದ್ರ ಸೀಳ್ತದ, ತಿರುವಿದ್ರ ಹರಿದೇ ಹೋಗ್ತದ ಅಂತ ನಾ ಆವತ್ತೇ ಬೈದೀನಿ. ಶಾಣ್ಯಾರು ಮಾಡೋ ಕೆಲಸ ಅಲ್ರಿ ಇದು."

"ಆಮೇಲೆ?"

"ಆಮ್ಯಾಲೇನ್ರಿ, ರೊಟ್ಟಿ ಚಲೋ ಬಂದ್ವು. ತಿಂದೀನಿ."

ನ್ಯಾಯಾಧೀಶರೂ ನಕ್ಕರು. ಮೇಲ್ಮನವಿ ಗೆದ್ದಿತು. ಗಿರಿಜೆ ಹೋಳಿಗೆ ಮಾಡಿ ಕೇರಿಗೆಲ್ಲ ಹಂಚಿದಳು.

ಕಸುಬು ಬಲ್ಲ ಯಾರೂ ಇಂಥದ್ದಕ್ಕೆ ಕೈ ಹಾಕುತ್ತಿರಲಿಲ್ಲ ಎಂದು ಆದೇಶದಲ್ಲಿದೆ. ಅದಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದೇನೆ. ಅತ್ತೆ ಬಂದಾಗಲೆಲ್ಲ ಮನೆಗೆ ಬಂದವರನ್ನು ಅದರ ಮುಂದೆ ನಿಲ್ಲಿಸುತ್ತಾರೆ. "ನೋಡ್ರಿ, ನಮ್ಮ ಅಳಿಯನ ಬಗ್ಗೆ ನಾ ಅಂದದ್ದೇ ಸರ್ಕಾರನೂ ಅಂದದ" ಎನ್ನುತ್ತಾರೆ. ಈ ತೀರ್ಪಿನ ಮೇಲೆ ನನಗೆ ಮೇಲ್ಮನವಿಯಿಲ್ಲ.